ಹಳೇ ಗಾಡಿಯ ಗಾಲಿಗೆ ಹೊಸ ಬಣ್ಣ
(ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ವಾಚನಾಲಯದ ಭಾನುವಾರದ ಸಭೆಗಳಲ್ಲಿ ಸಾಹಿತ್ಯದ ಬಗ್ಗೆ, ಆರೋಗ್ಯದ ಬಗ್ಗೆ, ಪ್ರಾವಿಡೆಂಟ್ ಫಂಡಿನ ಅರ್ಜಿ ತುಂಬುವ ಬಗ್ಗೆ ತಿಳಿದವರು ಮಾತನಾಡಿದ್ದಾರೆ. ಇಂದು ಗಾಡಿಯ ಗಾಲಿಗೆ ಬಣ್ಣ ಹಚ್ಚುವ ಬಗ್ಗೆ ನಾವು ನಾಲ್ಕು ಮಾತು ಹೇಳಬೇಕೆಂದು ಅಪ್ಪಣೆಯಾಗಿದೆ. ನಾವು ಇಂಜಿನಿಯರರಲ್ಲ, ಮೆಕ್ಯಾನಿಕರೂ ಅಲ್ಲ. ಗಿರಣಿಯ ಸ್ಟೋರ್ಸ್ ಖಾತೆಯಲ್ಲಿ ಗುಮಾಸ್ತಿಕೆ ಮಾಡುವವರು. ಮೆಟ್ರಿಕ್ ಆದಮೇಲೆ ಓದು ನಿಂತಿತು. ಆದರೆ ಈ ಕೆಲಸವನ್ನು ಎರಡು ಸಲ ಕೈಯಾರೆ ಮಾಡಿದ್ದೇವೆ. ಒಂದು ಸಲ ಕೆಡಿಸಿದೆವು, ಒಂದು ಸಲ ಸರಿಯಾಗಿ ಮಾಡಿದೆವು. ಕೆಡಿಸಿದ್ದನ್ನು ಮುಚ್ಚಿಟ್ಟು ಸರಿಯಾದದ್ದನ್ನು ಮಾತ್ರ ಹೇಳಿದರೆ ತಮಗೆ ಅರ್ಧ ಉಪಯೋಗವೂ ಆಗಲಾರದು. ಆದ್ದರಿಂದ ಎರಡನ್ನೂ ಹೇಳುತ್ತೇವೆ.

ನಾವು ಐವರು ಸ್ನೇಹಿತರು ಕೂಡಿ 2022ರಲ್ಲಿ ಹಳೇ ಮಾರುತಿ ಓಮ್ನಿ ವ್ಯಾನು ಕೊಂಡದ್ದು ತಮಗೆಲ್ಲ ಗೊತ್ತಿದೆ. ಸಂಘದ ಪುಸ್ತಕದ ಗಂಟುಗಳನ್ನು ಹೊತ್ತದ್ದು ಅದೇ, ನಮ್ಮಲ್ಲಿ ಕೆಲವರ ಮನೆಯವರನ್ನು ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಮುಟ್ಟಿಸಿದ್ದೂ ಅದೇ. ಓಮ್ನಿ 1984ರಲ್ಲಿ ಬಂದ ಗಾಡಿ. 2019ರಲ್ಲಿ ಅದರ ತಯಾರಿಕೆ ನಿಂತಿತು. ಅದರ ಗಾಲಿ ಹನ್ನೆರಡು ಇಂಚಿನದು, ಸಾದಾ ಉಕ್ಕಿನದು, ನಾಲ್ಕು ನಟ್ಟಿನದು. ಕಂಪನಿಯಿಂದ ಬರುವಾಗ ಬೆಳ್ಳಿಯ ಬಣ್ಣವಿರುತ್ತದೆ. ಸಮುದ್ರದ ಗಾಳಿ ಬೀಸುವ ಈ ಮುಂಬಯಿಯಲ್ಲಿ ನಾಲ್ಕು ಮಳೆಗಾಲ ಕಂಡ ಮೇಲೆ ಅದು ಯಾವ ಬಣ್ಣವಾಗುತ್ತದೆಂದು ಹೇಳಬೇಕಾದ್ದಿಲ್ಲ.

2023ರ ಜುಲೈ ತಿಂಗಳಲ್ಲಿ ನಮ್ಮ ಐವರಲ್ಲಿ ಒಬ್ಬರಿಗೆ ಬೆಳಗಾವಿಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಗೊತ್ತಾಯಿತು. ವ್ಯಾನಿನಲ್ಲೇ ಹೋಗುವುದೆಂದು ನಿಶ್ಚಯ. ತುಕ್ಕು ಹಿಡಿದ ಗಾಲಿಯ ಗಾಡಿಯಲ್ಲಿ ಇಳಿದರೆ ಬೀಗರು ಏನೆಂದುಕೊಂಡಾರು? ಗ್ಯಾರೇಜಿನಲ್ಲಿ ವಿಚಾರಿಸಿದರೆ ಗಾಲಿಗೆ ರೂ. 900ರಂತೆ ಐದು ಗಾಲಿಗೆ ರೂ. 4,500 ಎಂದರು. ಅಷ್ಟು ಹಣ ಯಾರಲ್ಲಿತ್ತು? ನಾಲ್ಕು ಸ್ಪ್ರೇ ಡಬ್ಬಿ ತಂದೆವು. ಶನಿವಾರ ಸಂಜೆ, ಹೊರಗೆ ಮಳೆ, ಕಟ್ಟಡದ ಕೆಳಗೆ ಒಂದು ಬಲ್ಬಿನ ಬೆಳಕು. ಗಾಲಿ ಬಿಚ್ಚಿ, ಬಟ್ಟೆಯಿಂದ ಒರೆಸಿ, ಹಿಂದೆ ಮುಂದೆ ನೋಡದೆ ಬಣ್ಣ ಹೊಡೆದೆವು. ಹಿಂದೆ ಮುಂದೆ ನೋಡದೆ ಎಂದರೆ ನಿಜವಾಗಿಯೂ ಗಾಲಿಯ ಹಿಂದಕ್ಕೂ ಹೊಡೆದೆವು, ಮುಂದಕ್ಕೂ ಹೊಡೆದೆವು, ನಟ್ಟು ಕೂರುವ ತೂತುಗಳ ಒಳಕ್ಕೂ ಹೊಡೆದೆವು. ಬೆಳಗಾಗುವ ಹೊತ್ತಿಗೆ ಬಣ್ಣದ ಮೇಲೆ ಬಿಳಿಯ ಮಬ್ಬು ಕವಿದಿತ್ತು. ಆದರೂ ದೂರದಿಂದ ಚೆನ್ನಾಗಿಯೇ ಕಾಣುತ್ತಿತ್ತು. ಹೊರಟೆವು.

ಪನವೇಲ್ ಸಮೀಪಿಸಿದಾಗ ಹಿಂದಿನಿಂದ ಟಕ್ ಟಕ್ ಸದ್ದು. ಮೊದಲು ಡಬ್ಬದ ಸಾಮಾನೆಂದು ಸುಮ್ಮನಾದೆವು. ಸದ್ದು ಹೆಚ್ಚಿತು. ನಿಲ್ಲಿಸಿ ನೋಡಿದರೆ ಹಿಂದಿನ ಬಲಗಾಲಿಯ ನಾಲ್ಕು ನಟ್ಟುಗಳಲ್ಲಿ ಎರಡು ಕೈಯಿಂದಲೇ ತಿರುಗುತ್ತಿದ್ದವು. ಇನ್ನು ಸ್ವಲ್ಪ ಹೊತ್ತಿನಲ್ಲಿ ಖಂಡಾಳದ ಘಾಟು. ಗಾಡಿಯಲ್ಲಿ ಏಳು ಜನ, ಅವರಲ್ಲಿ ಇಬ್ಬರು ಮಕ್ಕಳು. ಹೆಚ್ಚು ಹೇಳುವುದು ಬೇಡ.

ಕಾರಣ ಆಮೇಲೆ ತಿಳಿಯಿತು. ಗಾಲಿಯ ನಡುವಿನ ತಟ್ಟೆ ಹಬ್ಬಿನ ಮೇಲೆ ಲೋಹಕ್ಕೆ ಲೋಹ ತಾಗಿ ಕೂರಬೇಕು. ನಟ್ಟಿನ ಇಳಿಜಾರು ಮುಖ ತೂತಿನ ಇಳಿಜಾರಿನಲ್ಲಿ ಹಾಗೆಯೇ ಕೂರಬೇಕು. ಗಾಲಿಯನ್ನು ಹಿಡಿದಿಡುವುದು ಈ ಒತ್ತುವಿಕೆಯೇ. ನಡುವೆ ಹಸಿ ಬಣ್ಣದ ಪದರವಿದ್ದರೆ ನಾವು ಪಾನಾ ಹಾಕಿ ಎಷ್ಟು ಬಿಗಿದರೂ, ಗಾಡಿ ಓಡಿದಂತೆ ಆ ಬಣ್ಣ ಅರೆದು ಹೋಗುತ್ತದೆ. ಅದು ಹೋದ ಮೇಲೆ ಅಷ್ಟು ಎಡೆ ಉಳಿಯುತ್ತದೆ, ನಟ್ಟು ಸಡಿಲಾಗುತ್ತದೆ. ಅಂದದ ಬಣ್ಣ ಬಳಿಯಬಾರದ ಜಾಗಕ್ಕೆ ಬಳಿದದ್ದಕ್ಕೆ ಇಷ್ಟಾಯಿತು. (ಹೆಣ್ಣಿನ ಕಡೆಯವರು ಒಪ್ಪಿದರು. ಆದರೆ ಊಟದ ಹೊತ್ತಿಗೆ ಹುಡುಗಿಯ ಸೋದರಮಾವ ನಮ್ಮನ್ನು ಪಕ್ಕಕ್ಕೆ ಕರೆದು, “ಗಾಲಿ ಬಣ್ಣ ಹಪ್ಪಳದಂಗ ಏಳಾಕತ್ತದಲ್ರೀ” ಎಂದರು.)

ಇನ್ನು ಸರಿಯಾಗಿ ಮಾಡಿದ ಕಥೆ. ಇದು 2024ರ ಡಿಸೆಂಬರಿನದು. ಮುಂಬಯಿಯವರು ಈ ಕೆಲಸಕ್ಕೆ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವನ್ನೇ ಆರಿಸಬೇಕು. ಗಾಳಿಯಲ್ಲಿ ನೀರಿನ ಅಂಶ ಹೆಚ್ಚಿದ್ದಾಗ ಬಣ್ಣದ ದ್ರಾವಕ ಹಾರುವಾಗ ಮೈ ತಣ್ಣಗಾಗಿ ತೇವ ಕೂರುತ್ತದೆ. ನಾವು ಕಂಡ ಬಿಳಿಯ ಮಬ್ಬು ಅದೇ. ಮಂಜು ಆರಿದ ಮೇಲೆ, ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತು ಒಳ್ಳೆಯದು.

ಎರಡನೆಯ ಮಾತು, ಐದು ಗಾಲಿಯನ್ನೂ ಒಂದೇ ದಿನ ಬಿಚ್ಚಬೇಡಿ. ಮೊದಲು ಸ್ಟೆಪ್ನಿಗೆ ಬಣ್ಣ ಹಾಕಿ. ಅದು ಒಣಗಿದ ಮೇಲೆ ಒಂದು ಗಾಲಿ ಬಿಚ್ಚಿ ಆ ಜಾಗಕ್ಕೆ ಸ್ಟೆಪ್ನಿ ಹಾಕಿ. ಬಿಚ್ಚಿದ ಗಾಲಿಯನ್ನು ವಾರವಿಡೀ ನಿಧಾನವಾಗಿ ಮಾಡಬಹುದು. ಗಾಡಿ ಒಂದು ದಿನವೂ ನಿಲ್ಲುವುದಿಲ್ಲ. ಟ್ಯಾಕ್ಸಿ ಓಡಿಸುವ ನಮ್ಮ ಬಂಧುಗಳಿಗೆ ಇದು ಮುಖ್ಯ. ಅಂದಹಾಗೆ ಸ್ಟೆಪ್ನಿ ಎಂಬ ಮಾತು ಬ್ರಿಟನ್ನಿನ ವೇಲ್ಸ್ ಸೀಮೆಯ ಲನೆಲ್ಲಿ ಎಂಬ ಊರಿನ ಒಂದು ಬೀದಿಯ ಹೆಸರು. 1904ರಲ್ಲಿ ಡೇವಿಸ್ ಮನೆತನದ ಸೋದರರು ಅಲ್ಲಿ ಬಿಡಿ ಗಾಲಿ ಮಾಡಿ ಮಾರತೊಡಗಿದರು. ಅವರ ಬೀದಿಯ ಹೆಸರು ಇಂದಿಗೂ ನಮ್ಮ ಡ್ರೈವರುಗಳ ಬಾಯಲ್ಲಿದೆ.

ಬಿಚ್ಚುವಾಗ ಗಾಡಿ ಸಮನೆಲದ ಮೇಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಉಳಿದ ಗಾಲಿಗಳಿಗೆ ಕಲ್ಲು ಕೊಡಿ. ನಟ್ಟುಗಳನ್ನು ಗಾಲಿ ನೆಲದ ಮೇಲಿರುವಾಗಲೇ ಒಂದು ಸುತ್ತು ಸಡಿಲಿಸಿ, ಆಮೇಲೆ ಜಾಕು ಏರಿಸಿ. ಜಾಕನ್ನು ನಂಬಿ ಗಾಡಿಯ ಕೆಳಗೆ ತಲೆ ಹಾಕಬೇಡಿ.

ಗಾಲಿ ಕೈಗೆ ಬಂದ ಮೇಲೆ ಬಣ್ಣದ ಡಬ್ಬಿಯ ಕಡೆ ಕೈ ಹೋಗುವುದು ಸಹಜ. ನಮ್ಮ ಕೈಯೂ ಹೋಯಿತು. ಆಗ ತಡೆದವರು ನಮ್ಮ ವಾಚನಾಲಯಕ್ಕೆ ದಿನಾ ಸಂಜೆ ಬರುವ ಒಬ್ಬ ಹಿರಿಯರು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿ ನಿವೃತ್ತರಾಗಿ ಈಗ ಮಗನ ಮನೆಯಲ್ಲಿದ್ದಾರೆ. ಹೆಸರು ಹೇಳಬಾರದೆಂದು ಅವರದೇ ಕಟ್ಟಪ್ಪಣೆ, ಕಾಕಾ ಎನ್ನೋಣ. “ತಮ್ಮಾ, ಬಣ್ಣ ಆಮ್ಯಾಲ ಹಚ್ಚೀರಂತ, ಮೊದಲ ಕಬ್ಬಿಣ ನೋಡ್ರಿ” ಎಂದರು. ಉಕ್ಕಿನ ಗಾಲಿ ಎರಡು ತುಂಡಿನದು. ಹೊರಗಿನ ಬಳೆ ಒಂದು. ನಟ್ಟಿನ ತೂತುಗಳಿರುವ ನಡುವಿನ ತಟ್ಟೆ ಇನ್ನೊಂದು. ಎರಡನ್ನೂ ಬೆಸುಗೆ ಹಾಕಿ ಕೂಡಿಸಿರುತ್ತಾರೆ. ತುಕ್ಕು ಮೊದಲು ಹಿಡಿಯುವುದು ಆ ಬೆಸುಗೆಯ ಸಂದಿನಲ್ಲಿ, ಬಳೆಯ ಅಂಚಿನಲ್ಲಿ ತೂಕದ ಸೀಸದ ತುಂಡು ಸಿಕ್ಕಿಸುವಲ್ಲಿ, ನಟ್ಟಿನ ತೂತುಗಳ ಸುತ್ತ. ಬಿರುಕು ಬಿಡುವುದೂ ಹೆಚ್ಚಾಗಿ ಇವೇ ಜಾಗಗಳ ಸುಮಾರಿನಲ್ಲಿ: ನಟ್ಟಿನ ತೂತು, ಗಾಳಿಯ ತೂತು, ಬೆಸುಗೆ.

ಸಾಬೂನು ನೀರಿನಿಂದ ಹಿಂದೆ ಮುಂದೆ ತೊಳೆದೆವು. ಡಾಂಬರಿನ ಕಲೆ ಹೋಗಲು ಸೀಮೆಎಣ್ಣೆ ಬೇಕು; ಅದು ಈಗ ಸುಲಭವಾಗಿ ಸಿಗದು, ಸ್ವಲ್ಪ ಡೀಸೆಲ್ ಆದೀತು. ಟಾಯರಿಗೆ ತಾಗದಂತೆ ಬಟ್ಟೆಯಲ್ಲಿ ಅದ್ದಿ ಒರೆಸಿ, ಮತ್ತೆ ಸಾಬೂನಿನಿಂದ ತೊಳೆಯಬೇಕು. ಆಮೇಲೆ ತಂತಿ ಬ್ರಷ್ಷಿನಿಂದ ತಿಕ್ಕಿದೆವು. ಹಳೆಯ ಪದರಗಳು ಏಳತೊಡಗಿದವು. ಮೇಲೆ ನಾವು ಹೊಡೆದ ಬೆಳ್ಳಿ. ಅದರ ಕೆಳಗೆ ನಮಗೆ ಗಾಡಿ ಮಾರಿದವರು ಹೊಡೆಸಿದ ಇನ್ನೊಂದು ದಪ್ಪ ಬೆಳ್ಳಿ. ಅದರ ಕೆಳಗೆ ಕಂಪನಿಯ ಬಣ್ಣ. ಹಿಂದಿನ ಎಡಗಾಲಿಯಲ್ಲಿ ಮಾತ್ರ ಗಾಳಿಯ ತೂತಿನ ಬಳಿ ಪುಟ್ಟಿ ತುಂಬಿದ್ದು ಕಂಡಿತು. ಉಕ್ಕಿನ ಗಾಲಿಗೆ ಪುಟ್ಟಿ ಏಕೆ?

ಕಾಕಾ ಬ್ರಷ್ಷು ತಾವೇ ಇಸಿದುಕೊಂಡರು. ಆ ಜಾಗವನ್ನು ಬರಿಯ ಲೋಹ ಕಾಣುವವರೆಗೆ ಉಜ್ಜಿಸಿದರು. ಡೀಸೆಲ್ ಬಳಿದು ಕಾಲು ಗಂಟೆ ಬಿಟ್ಟು, ಒಣಬಟ್ಟೆಯಿಂದ ಚೆನ್ನಾಗಿ ಒರೆಸಿದರು. ಮಕ್ಕಳ ಸೀಮೆಸುಣ್ಣವನ್ನು ಅರೆದು ಆ ಪುಡಿಯನ್ನು ತೆಳ್ಳಗೆ ಉದುರಿಸಿದರು. ನಾವೆಲ್ಲ ಸುತ್ತ ಕೂತು ನೋಡುತ್ತಿದ್ದೆವು. ಐದು ನಿಮಿಷವಾಗಿರಬಹುದು, ಬಿಳಿಯ ಪುಡಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡಿತು. ಗಾಳಿಯ ತೂತಿನಿಂದ ಹೊರಟು ನಟ್ಟಿನ ತೂತಿನ ಕಡೆ ಒಂದು ಬೆರಳಿನಷ್ಟು ಉದ್ದ. ಬಿರುಕಿನೊಳಗೆ ಇಳಿದ ಎಣ್ಣೆ ಹೊರಗೆ ಒಸರಿ ಸುಣ್ಣವನ್ನು ತೋಯಿಸಿತ್ತು. ಎಣ್ಣೆ ಸುಣ್ಣದ ಈ ಪರೀಕ್ಷೆಯನ್ನು ಹಿಂದೆ ರೈಲ್ವೆಗಳಲ್ಲಿ ಅಚ್ಚು, ಗಾಲಿ ಮೊದಲಾದ ಭಾರದ ಭಾಗಗಳಿಗೆ ಮಾಡುತ್ತಿದ್ದರಂತೆ. ಇಂದು ಬಣ್ಣದ ದ್ರವ ಹಾಕಿ ನೋಡುವ ಪರೀಕ್ಷೆಗಳು ಇದರ ಮುಂದಿನ ಪೀಳಿಗೆ. ಮೇಲ್ಮೈಗೆ ಬಾಯಿ ಬಿಟ್ಟ ಬಿರುಕನ್ನು ಮಾತ್ರ ಇದು ತೋರಿಸುತ್ತದೆ, ಒಳಗಿನದನ್ನು ತೋರಿಸದು. ಬಣ್ಣದ ಮೇಲೆ ಮಾಡಿದರೆ ಏನನ್ನೂ ತೋರಿಸದು.

ಆ ಗೆರೆಯ ಮೇಲೆ ಕೂತು ನಾವು ಎರಡು ವರ್ಷ ಓಡಾಡಿದ್ದೆವು. ಬೆಳಗಾವಿಗೆ ಹೋಗಿ ಬಂದದ್ದೂ ಅದರ ಮೇಲೆಯೇ.

ಇದನ್ನು ಬೆಸುಗೆ ಹಾಕಿಸಿದರೆ ಆಗದೆ ಎಂದು ನಮ್ಮಲ್ಲೊಬ್ಬರು ಕೇಳಿದರು. ಆಗದು. ಬಿರುಕು ಬಿಟ್ಟ ಗಾಲಿ ಗುಜರಿಗೆ. ಇನ್ನೂ ಒಂದು ಎಚ್ಚರಿಕೆ: ಟಾಯರು ಕೂತಿರುವ ಗಾಲಿಗೆ ಬೆಸುಗೆಯನ್ನಾಗಲಿ ಬೆಂಕಿಯ ಶಾಖವನ್ನಾಗಲಿ ಯಾರೂ ಕೊಡಬಾರದು, ಗಾಳಿ ತೆಗೆದಿದ್ದರೂ ಕೊಡಬಾರದು. ಒಳಗಿನ ರಬ್ಬರು ಕಾದು ಅನಿಲವೆದ್ದು ಟಾಯರು ಸಿಡಿಯುತ್ತದೆ, ಅದರಿಂದ ಪ್ರಾಣಹಾನಿಯಾದದ್ದುಂಟು. ನಟ್ಟಿನ ತೂತು ಉರುಟಾಗಿರದೆ ಮೊಟ್ಟೆಯಂತೆ ಉದ್ದವಾಗಿದ್ದರೂ ಗಾಲಿ ಕೆಟ್ಟಿದೆ ಎಂದೇ ತಿಳಿಯಿರಿ. ಅದು ಸಡಿಲ ನಟ್ಟಿನಲ್ಲಿ ಓಡಿದ ಗಾಲಿ. ನಾವು ಕುರ್ಲಾದ ಹಳೇ ಸಾಮಾನಿನ ಅಂಗಡಿಗಳಲ್ಲಿ ಅಲೆದು ಅದೇ ಗಾಡಿಯ ಒಂದು ಗಾಲಿಯನ್ನು ರೂ. 700ಕ್ಕೆ ತಂದೆವು. ಹಳೆಯದು ಕೊಳ್ಳುವಾಗ ನಾಲ್ಕು ನಟ್ಟಿನ ತೂತು ಇದ್ದರಾಯಿತು ಎಂದುಕೊಳ್ಳಬೇಡಿ. ತೂತುಗಳ ನಡುವಿನ ಅಳತೆ, ನಡುವಿನ ದೊಡ್ಡ ರಂಧ್ರ, ಬಳೆಯ ಅಗಲ, ತಟ್ಟೆ ಒಳಸರಿದಿರುವ ಪ್ರಮಾಣ ಎಲ್ಲವೂ ಕೂಡಬೇಕು. ನಿಮ್ಮ ಗಾಲಿಯನ್ನೇ ಹೊತ್ತುಕೊಂಡು ಹೋಗಿ ಪಕ್ಕದಲ್ಲಿಟ್ಟು ನೋಡುವುದು ಲೇಸು. ಅಂಗಡಿಯವರು ನಕ್ಕರೆ ನಗಲಿ. ತಂದ ಗಾಲಿಗೂ ಡೀಸೆಲ್ಲು, ಸುಣ್ಣ ಎರಡೂ ಆಯಿತು. ಗೆರೆ ಮೂಡಲಿಲ್ಲ.

ಇನ್ನು ಬಣ್ಣ. ಗಿರಣಿಯ ಖಾತೆ ಬರೆಯುವಾಗ ನಾವು ಕಂಡದ್ದಿಷ್ಟು: ಯಂತ್ರಕ್ಕೆ ಬಣ್ಣ ಹಚ್ಚುವ ಖರ್ಚಿನಲ್ಲಿ ಬಣ್ಣದ ಪಾಲು ಕಡಮೆ, ಉಜ್ಜುವವರ ಕೂಲಿಯೇ ಹೆಚ್ಚು. ಉಜ್ಜುವ ಕೂಲಿ ನಮ್ಮದೇ ಆದಾಗ ಉಳಿತಾಯವೆಲ್ಲ ಅಲ್ಲೇ. ತುಕ್ಕಿನ ಮೇಲೆ 80ರ ಅಥವಾ 120ರ ಉಪ್ಪುಕಾಗದ, ಇಲ್ಲಿಯವರು ಪಾಲಿಶ್ ಪೇಪರ್ ಎನ್ನುವುದು. ಹಳೆಯ ಬಣ್ಣ ಗಟ್ಟಿಯಾಗಿ ಹಿಡಿದಿದ್ದರೆ ಎಲ್ಲವನ್ನೂ ಕೀಳಬೇಕಿಲ್ಲ. ಬರಿಯ ಲೋಹಕ್ಕೂ ಹಳೆಯ ಬಣ್ಣಕ್ಕೂ ನಡುವಿನ ಮೆಟ್ಟಿಲು ಬೆರಳಿಗೆ ತಾಗದಂತೆ 220ರಿಂದ, ಕೊನೆಗೆ 400ರಿಂದ ನೀರು ಹಾಕಿ ಉಜ್ಜಿ. ಕಣ್ಣಿಗೆ ನಯ ಕಂಡದ್ದು ಬೆರಳಿಗೆ ಒರಟಾಗಿರುತ್ತದೆ, ಬೆರಳನ್ನೇ ನಂಬಿ. ಕೊನೆಯಲ್ಲಿ ಥಿನ್ನರಿನಿಂದ ಒರೆಸಬೇಕು. ನಾವು ಗಿರಣಿಯ ಅಭ್ಯಾಸದಂತೆ ಕಾಟನ್ ವೇಸ್ಟ್ ಹಿಡಿದೆವು, ಎಳೆಗಳೆಲ್ಲ ಗಾಲಿಗೆ ಅಂಟಿದವು. ಹಳೇ ಧೋತರದ ತುಂಡು ಒಳ್ಳೆಯದು. ಒರೆಸಿದ ಮೇಲೆ ಬರಿಗೈಯಿಂದ ಮುಟ್ಟಬೇಡಿ, ಕೈಯ ಜಿಡ್ಡಿನ ಮೇಲೆ ಬಣ್ಣ ನಿಲ್ಲದು.

ಟಾಯರು ಬಿಚ್ಚದೆಯೇ ಬಣ್ಣ ಹಾಕುವ ಉಪಾಯವೊಂದುಂಟು. ಟಾಯರಿನ ಗಾಳಿಯನ್ನು ಸ್ವಲ್ಪ ಇಳಿಸಿ, ಟಾಯರಿಗೂ ಬಳೆಯ ಅಂಚಿಗೂ ನಡುವೆ ದಪ್ಪ ಕಾಗದದ ಚೀಟಿಗಳನ್ನು ಒಂದರ ಮೇಲೊಂದು ಕೊಂಚ ಹಾಯುವಂತೆ ಸುತ್ತಲೂ ಸಿಕ್ಕಿಸಬೇಕು. ಇಸ್ಪೀಟಿನ ಎಲೆ ಬಹಳ ಚೆನ್ನ. ಆದರೆ ನಮ್ಮ ಸಂಘದಲ್ಲಿ ಇಸ್ಪೀಟಿಗೆ ನಿಷೇಧವಿರುವುದರಿಂದ ನಾವು ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ ಉಪಯೋಗಿಸಿದೆವು. ಅದರಲ್ಲಿ ಬೆಳಗಾವಿಯ ಲಗ್ನದ್ದೂ ಒಂದಿತ್ತು. ಗಾಳಿ ತುಂಬುವ ಮೂತಿಗೆ ಟೇಪು ಸುತ್ತಿ. ನಟ್ಟಿನ ತೂತುಗಳಿಗೆ ಕಾಗದದ ಬಿರಡೆ ಮಾಡಿ ತುರುಕಿ. ಹಿಂಬದಿಯಲ್ಲಿ ಹಬ್ಬಿಗೆ ತಾಗುವ ವೃತ್ತವನ್ನು ಟೇಪಿನಿಂದ ಪೂರ್ತಿ ಮುಚ್ಚಿ. ಪನವೇಲ್ ನೆನಪಿರಲಿ. ಟಾಯರು ನಿಧಾನವಾಗಿ ಗಾಳಿ ಬಿಡುತ್ತಿದ್ದರೆ ಮಾತ್ರ ಅದನ್ನು ಬಿಚ್ಚಿಸಬೇಕು. ಟಾಯರಿನ ತುಟಿ ಕೂರುವಲ್ಲಿ ತುಕ್ಕು ಎದ್ದಿರುತ್ತದೆ, ಅದನ್ನು ಟಾಯರಿನ ಅಂಗಡಿಯಲ್ಲಿ ಉಜ್ಜಿಸಿ.

ಉಕ್ಕಿಗೆ ಮೊದಲು ತುಕ್ಕು ತಡೆಯುವ ಪ್ರೈಮರು, ಅದರ ಮೇಲೆ ಬೆಳ್ಳಿಯ ಬಣ್ಣ, ಕಡೆಗೆ ಪಾರದರ್ಶಕ ಲ್ಯಾಕರು. ಮೂರೂ ಒಂದೇ ಕಂಪನಿಯವು ಒಂದೇ ಜಾತಿಯವು ಆಗಿದ್ದರೆ ಕ್ಷೇಮ. ಎನಾಮೆಲ್ ಪೂರ್ತಿ ಒಣಗುವ ಮೊದಲು ಮೇಲೆ ಲ್ಯಾಕರು ಬಿದ್ದರೆ ಬಣ್ಣ ಮುದುಕನ ಮುಖದಂತೆ ಸುಕ್ಕುಗಟ್ಟುತ್ತದೆ. ಡಬ್ಬಿಯನ್ನು ಎರಡು ನಿಮಿಷ ಅಲ್ಲಾಡಿಸಿ. ಚಳಿಯಿದ್ದರೆ ಉಗುರುಬೆಚ್ಚನೆಯ ನೀರಿನಲ್ಲಿ ಸ್ವಲ್ಪ ಹೊತ್ತಿಡಬಹುದು, ಒಲೆಯ ಹತ್ತಿರ ಮಾತ್ರ ಒಯ್ಯಬೇಡಿ. ಒಂದು ಗೇಣಿಗಿಂತ ಕೊಂಚ ಹೆಚ್ಚು, ಅಂದರೆ 25 ಸೆಂಟಿಮೀಟರು ದೂರದಿಂದ, ಕೈ ಚಲಿಸುತ್ತಲೇ ಇರಬೇಕು. ಮೊದಲ ಸಲ ಕೆಳಗಿನ ಬಣ್ಣ ಇನ್ನೂ ಕಾಣುವಷ್ಟು ತೆಳುವಾಗಿ. ಹತ್ತು ಹದಿನೈದು ನಿಮಿಷ ಬಿಟ್ಟು ಇನ್ನೊಂದು, ಮತ್ತೆ ಬಿಟ್ಟು ಇನ್ನೊಂದು. ಒಂದೇ ಸಲಕ್ಕೆ ಮುಚ್ಚಬೇಕೆಂಬ ಆಸೆಗೆ ಬಿದ್ದರೆ ಬಣ್ಣ ಕಣ್ಣೀರಿನಂತೆ ಇಳಿಯುತ್ತದೆ. ಇಳಿದರೆ ಆಗಲೇ ಒರೆಸಬೇಡಿ. ಒಣಗಿದ ಮೇಲೆ 600ರ ಕಾಗದದಿಂದ ಉಜ್ಜಿ ಮತ್ತೆ ಹೊಡೆಯಿರಿ. ಚಾಳಿನ ಪಡಸಾಲೆಯಲ್ಲಿ ಈ ಕೆಲಸ ಸಲ್ಲದು. ಬಯಲಿನಲ್ಲಿ, ಮೂಗಿಗೆ ಮುಖವಾಡ ಕಟ್ಟಿ, ಬೀಡಿ ಸಿಗರೇಟು ದೂರವಿಟ್ಟು ಮಾಡಬೇಕು. ಬ್ರೇಕಿನ ಡ್ರಮ್ಮು, ಡಿಸ್ಕುಗಳ ಮೇಲೆ ಬಣ್ಣ ಬೀಳಬಾರದು. ಬ್ರೇಕ್ ಆಯಿಲ್ ಹೊಸ ಬಣ್ಣದ ಮೇಲೆ ಬಿದ್ದರೆ ಕಿತ್ತುಬರುತ್ತದೆ, ಕೂಡಲೆ ನೀರಿನಿಂದ ತೊಳೆಯಿರಿ.

ಮುಟ್ಟಿದರೆ ಒಂದು ಗಂಟೆಯಲ್ಲಿ ಒಣಗಿದಂತಿರುತ್ತದೆ. ಗಟ್ಟಿಯಾಗಲು ಹಲವು ದಿನ ಬೇಕು. ನಾವು ಪ್ರತಿ ಗಾಲಿಗೂ ಒಂದು ವಾರ ಕೊಟ್ಟೆವು.

ಅಲಾಯ್ ಗಾಲಿಯವರು ಕೇಳುತ್ತಾರೆ. ಅದು ಅಲ್ಯೂಮಿನಿಯಮ್ ಮಿಶ್ರಲೋಹ. ಅದಕ್ಕೆ ವಾಷಿಂಗ್ ಸೋಡಾ, ಆಮ್ಲ ಯಾವುದೂ ಬೇಡ, ಸಾಬೂನು ಸಾಕು. ಪ್ರೈಮರೂ ಬೇರೆ, ಲೋಹವನ್ನು ಕಚ್ಚಿ ಹಿಡಿಯುವ ಎಚ್ ಪ್ರೈಮರ್ ಎಂದು ಕೇಳಿ ತನ್ನಿ. ಫುಟ್‌ಪಾತಿನ ಕಲ್ಲಿಗೆ ಉಜ್ಜಿದ ಗೀರನ್ನು ಉಜ್ಜಿ ನಯ ಮಾಡಬಹುದು. ಬಾಗಿದ್ದರೆ, ಬಿರುಕಿದ್ದರೆ ಮನೆಯ ಕೆಲಸವಲ್ಲ. ಲೇತಿನಲ್ಲಿ ಕಡೆದು ಹೊಳಪು ಕೊಟ್ಟ ಮಾದರಿಯ ಗಾಲಿಗೆ ಆ ಹೊಳಪು ಡಬ್ಬಿಯಿಂದ ಬಾರದು.

ಲೆಕ್ಕ ಒಪ್ಪಿಸದೆ ಕೂತರೆ ಗುಮಾಸ್ತನಿಗೆ ಶೋಭೆಯಲ್ಲ. ಪ್ರೈಮರು ಎರಡು ಡಬ್ಬಿ ರೂ. 500, ಬೆಳ್ಳಿ ಎರಡು ಡಬ್ಬಿ ರೂ. 500, ಲ್ಯಾಕರು ಒಂದು ರೂ. 275, ಕಾಗದ ರೂ. 240, ತಂತಿ ಬ್ರಷ್ಷು ರೂ. 60, ಥಿನ್ನರು ರೂ. 180, ಟೇಪು ರೂ. 100. ಒಟ್ಟು ರೂ. 1,855. ಹಳೇ ಗಾಲಿಗೆ ರೂ. 700, ಟಾಯರು ಬದಲಿಸಿ ತೂಕ ಕೂಡಿಸಿದ್ದಕ್ಕೆ ರೂ. 300. ಎಲ್ಲ ಸೇರಿ ರೂ. 2,855, ಐವರಿಗೆ ಹಂಚಿದರೆ ತಲೆಗೆ ರೂ. 571. ಲಗ್ನಪತ್ರಿಕೆ, ಸೀಮೆಸುಣ್ಣ, ಧೋತರ ಇವು ಪುಕ್ಕಟೆ. ಕಾಕಾ ಅವರಿಗೆ ಚಹದ ಹೊರತು ಏನೂ ಕೊಡಲಾಗಲಿಲ್ಲ, ಅವರು ತೆಗೆದುಕೊಳ್ಳಲಿಲ್ಲ.

ಗಾಲಿಯನ್ನು ಮತ್ತೆ ಹಾಕುವಾಗ ಹಬ್ಬಿನ ಮುಖವನ್ನೂ ತಂತಿ ಬ್ರಷ್ಷಿನಿಂದ ಉಜ್ಜಿ. ನಟ್ಟುಗಳನ್ನು ಮೊದಲು ಕೈಯಿಂದ ತಿರುಗಿಸಿ ಕೂರಿಸಿ, ಆಮೇಲೆ ಒಂದರ ಎದುರಿನದು ಇನ್ನೊಂದು ಎಂಬಂತೆ ಬಿಗಿಯಿರಿ. ಕೊನೆಯ ಬಿಗಿತ ಗಾಡಿಯನ್ನು ನೆಲಕ್ಕಿಳಿಸಿದ ಮೇಲೆ. ಎಷ್ಟು ಬಿಗಿಯಬೇಕೆಂಬುದು ಗಾಡಿಯ ಪುಸ್ತಿಕೆಯಲ್ಲಿರುತ್ತದೆ. ಅಳತೆಯ ಪಾನಾ ಇರುವ ಗ್ಯಾರೇಜಿನಲ್ಲಿ ಒಮ್ಮೆ ತೋರಿಸಿ. ಐವತ್ತರಿಂದ ನೂರು ಕಿಲೋಮೀಟರು ಓಡಿದ ಮೇಲೆ ನಾಲ್ಕೂ ನಟ್ಟುಗಳನ್ನು ಮತ್ತೊಮ್ಮೆ ನೋಡಿ. ನಾವು ಈಗ ಊರಿಗೆ ಹೊರಟಾಗಲೆಲ್ಲ ಪನವೇಲಿನಲ್ಲಿ ಚಹಕ್ಕೆ ನಿಲ್ಲುತ್ತೇವೆ. ಒಬ್ಬರು ಚಹ ಹೇಳುತ್ತಾರೆ, ಒಬ್ಬರು ಪಾನಾ ಹಿಡಿದು ಗಾಡಿಯ ಸುತ್ತ ಬರುತ್ತಾರೆ.

ಬಿರುಕು ಬಿಟ್ಟ ಆ ಗಾಲಿಯನ್ನು ಗುಜರಿಗೆ ಹಾಕುವ ಮೊದಲು ಇಂದಿನ ಸಭೆಗೆಂದು ತಂದಿಟ್ಟಿದ್ದೇವೆ, ಬಾಗಿಲ ಬಳಿ ಇದೆ. ಪಕ್ಕದಲ್ಲಿ ಡೀಸೆಲ್ಲಿನ ಸೀಸೆ, ಸೀಮೆಸುಣ್ಣ, ಬಟ್ಟೆ ಇವೆ. ಗೆರೆ ಹೇಗೆ ಮೂಡುತ್ತದೆಂದು ಕಾಕಾ ತೋರಿಸುತ್ತಾರೆ. ಗಾಡಿ ಇರುವವರು ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಿದರೆ, ಫೆಬ್ರವರಿ ಮುಗಿಯುವವರೆಗೆ ಭಾನುವಾರಕ್ಕೊಂದು ಗಾಡಿಯ ಗಾಲಿಗಳನ್ನು ಕೂಡಿ ನೋಡೋಣ. ಬರುವವರು ಮನೆಯಲ್ಲಿರುವ ಹಳೇ ಲಗ್ನಪತ್ರಿಕೆಗಳನ್ನು ತರಬೇಕು, ನಮ್ಮವು ಮುಗಿದಿವೆ.